ಚಳಿ ಹುಡುಕಿಕೊಂಡು ಕೆರಾಡಿಗೆ

ಬ್ರಹ್ಮಾವರದಿಂದ ನಾನು ಹೊರಟದ್ದು ಡಿಸೆಂಬರಿನ ಒಂದು ಸೋಮವಾರ, ಬೆಳಿಗ್ಗೆ ಏಳೂವರೆಯ ಬಸ್ಸಿಗೆ. ಯುದ್ಧ ಮುಗಿದು ವರ್ಷ ಕಳೆದಿದ್ದರೂ ನಮ್ಮ ಕಡೆಯ ಬಸ್ಸುಗಳಿಗೆ ಪೆಟ್ರೋಲಿನ ಯೋಗ ಇನ್ನೂ ಕೂಡಿ ಬಂದಿರಲಿಲ್ಲ. ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಿಂದಲೇ ಓಡುತ್ತಿದ್ದವು. ಹೊರಡುವ ಮೊದಲು ಅರ್ಧ ಗಂಟೆ ಆ ಒಲೆಗೆ ಗಾಳಿ ಹಾಕಬೇಕು. ನಾನು ಅಡಿಗೆಯವನಾದ್ದರಿಂದ ಒಲೆ ಕಂಡರೆ ಕೈ ಸುಮ್ಮನಿರುವುದಿಲ್ಲ, ಕಂಡಕ್ಟರನ ಜೊತೆ ನಾನೂ ಗಾಳಿ ಹಾಕಿದೆ.

"ಎಲ್ಲಿಗೆ ಸವಾರಿ, ವಾಸಣ್ಣ?" ಎಂದು ಅವನು ಕೇಳಿದ.

"ದಕ್ಷಿಣ ಧ್ರುವಕ್ಕೆ" ಎಂದೆ.

"ಹಾಂಗಾರೆ ಈ ಬಸ್ಸ್ ಅಲ್ಲ ಮಾರಾಯ್ರೆ, ಇದ್ ಉತ್ತರಕ್ಕೆ ಹೋಪ್ದ್. ಕುಂದಾಪ್ರಕ್ಕೆ ಟಿಕೇಟ್ ಕೊಡ್ಲಾ?"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ನಾನು ಹೇಳಿದ್ದು ತಮಾಷೆಯಲ್ಲ. ಯುದ್ಧದ ಮೂರು ವರ್ಷ ಒಂದು ಸರಕಿನ ಹಡಗಿನಲ್ಲಿ ನಾನು ಅಡಿಗೆ ಮಾಡಿದ್ದೆ. ಅಲ್ಲಿ ಏನೇನು ಬೇಯಿಸಿದೆ ಎಂದು ಊರಲ್ಲಿ ಬಾಯಿ ಬಿಟ್ಟಿಲ್ಲ, ಇಲ್ಲಿಯೂ ಬಿಡುವುದಿಲ್ಲ. ಆ ಹಡಗಿನ ಕಪ್ತಾನ ಈಗ ದಕ್ಷಿಣದ ಮಂಜುಗಡ್ಡೆಯ ನಾಡಿಗೆ ಹೋಗುವ ತಂಡವೊಂದರ ಮುಖ್ಯಸ್ಥನಾಗಿದ್ದ. ಹದಿನೈದು ಜನ, ಹದಿನಾಲ್ಕು ತಿಂಗಳು. ಅಡಿಗೆಗೆ ನೀನು ಬಾ ಎಂದು ನನ್ನ ಹೆಸರು ಬರೆದು ಕಾಗದ ಹಾಕಿದ್ದ. ಕರಾರು ಎರಡು. ಹಡಗಿನಲ್ಲಿ ನಾವು ಸುತ್ತಿದ್ದೆಲ್ಲ ಬೆವರಿನ ಬಂದರುಗಳು, ಆದ್ದರಿಂದ ಎಲ್ಲಾದರೂ ಹದಿನೈದು ದಿನ ಚಳಿಯಲ್ಲಿ ಇದ್ದು, ಅಡಿಗೆ ಮಾಡಿ, ಕೈಕಾಲಿಗೆ ಏನಾಯಿತು, ಬೆಂಕಿ ಹೇಗೆ ಹತ್ತಿತು ಎಂದು ಪುಸ್ತಕದಲ್ಲಿ ಬರೆದು ತರಬೇಕು. ಜನವರಿಯ ಮೊದಲ ವಾರ ಬೊಂಬಾಯಿಯಲ್ಲಿ ಡಾಕ್ಟರರ ಪರೀಕ್ಷೆಯಲ್ಲಿ ಪಾಸಾಗಬೇಕು. ಜ್ವರದ ಮನುಷ್ಯ ಬೇಡ ಎಂದು ಅಡಿಗೆರೆ ಎಳೆದು ಬರೆದಿದ್ದ.

"ಐಸಿನ್ ಮೇಲ್ ಕೂಕಂಡ್ ಯಾರಿಗ್ ಸಾರ್ ಮಾಡ್ತ್ರಿ?" ಎಂದಿದ್ದಳು ನನ್ನ ಹೆಂಡತಿ ಸರಸ್ವತಿ. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ನಾನು ಹದಿನಾರನೆಯ ವಯಸ್ಸಿನಿಂದ ಸಾಲಿಗ್ರಾಮ, ಕೋಟದ ಕಡೆಯ ಮದುವೆ, ಮುಂಜಿ, ತಿಥಿಗಳ ಹೊಗೆ ಕುಡಿದವನು. ಊಟ ಭರ್ಜರಿಯಾಯಿತು ಎಂದು ಎಲ್ಲರೂ ಹೊಟ್ಟೆ ಸವರಿಕೊಳ್ಳುತ್ತಾರೆ, ಮಾಡಿದವನ ಹೆಸರು ಯಾರೂ ಕೇಳುವುದಿಲ್ಲ. ನನ್ನ ಮೂವತ್ನಾಲ್ಕು ವರ್ಷದ ಬಾಳಿನಲ್ಲಿ ಮೊದಲ ಬಾರಿಗೆ ಒಬ್ಬ ನನ್ನನ್ನು ಹೆಸರು ಹಿಡಿದು ಕರೆದಿದ್ದ. ಹೋಗಲೇಬೇಕೆಂದು ನಾನು ನಿಶ್ಚಯಿಸಿದ್ದೆ.

ಊಟಿಗೋ ಸಿಮ್ಲಕ್ಕೋ ಹೋಗುವಷ್ಟು ಕೈಯಲ್ಲಿ ಕಾಸಿರಲಿಲ್ಲ. ನಮ್ಮ ತಾಲೂಕಿನಲ್ಲಿ ಎಷ್ಟು ಚಳಿ ಇದೆಯೋ ಅಷ್ಟನ್ನೂ ಹುಡುಕಿ ತೆಗೆಯುವುದೆಂದು ಹೊರಟೆ. ಚೀಲದಲ್ಲಿ ಎರಡು ಅಂಗಿ, ಒಂದು ಮಿಲಿಟರಿ ಸ್ವೆಟರು, ಚೂರಿ, ಸೌಟು, ನೋಟು ಪುಸ್ತಕ. ಚಳಿ ಅಳೆಯಲು ಏನಾದರೂ ಕೊಡಿ ಎಂದು ನಮ್ಮೂರಿನ ಡಾಕ್ಟರರನ್ನು ಕೇಳಿದ್ದಕ್ಕೆ ಅವರು ಜ್ವರ ನೋಡುವ ಕಡ್ಡಿಯನ್ನೇ ಕೊಟ್ಟಿದ್ದರು. "ನನ್ನತ್ರ ಇಪ್ಪುದ್ ಇದೊಂದೇ, ವಾಸು. ಆದ್ರೆ ತೊಂಬತ್ತೈದ್ರಿಂದ ಕೆಳ್ಗ್ ಇದ್ಕ್ ಎಂತದೂ ಗೊತ್ತಿಲ್ಲೆ" ಎಂದು ಎಚ್ಚರಿಸಿಯೂ ಇದ್ದರು.

ಮಾಬುಕಳದಲ್ಲಿ ಬಸ್ಸಿನಿಂದ ಇಳಿದು ದೋಣಿಯಲ್ಲಿ ಹೊಳೆ ದಾಟಿ ಆಚೆ ದಡದ ಬಸ್ಸು ಹಿಡಿದೆವು. ಎಲ್ಲ ಸೇರಿ ಹದಿನೈದು ಮೈಲಿಯ ದಾರಿಗೆ ಮೂರು ಗಂಟೆ ಹಿಡಿಯಿತು. ಕುಂದಾಪುರ ಮುಟ್ಟಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು, ನಾನು ಸ್ವೆಟರು ಹಾಕಿಕೊಂಡು ಬೆವರುತ್ತಿದ್ದೆ.

ಕುಂದಾಪುರದಲ್ಲಿ ನನ್ನ ಪರಿಚಯದ ಸೋಡಾ ಅಂಗಡಿಯವರೊಬ್ಬರಿದ್ದಾರೆ. ಮಂಗಳೂರಿನಿಂದ ಅವರಿಗೆ ದಿನಕ್ಕೊಂದು ಐಸಿನ ಗಟ್ಟಿ ಬರುತ್ತದೆ, ಉಮಿ ತುಂಬಿದ ಗೋಣಿಯಲ್ಲಿ. ಅವರ ಹಿತ್ತಲಲ್ಲಿ ಎರಡು ದಿನ ಐಸಿನ ಉಮಿಯಲ್ಲಿ ಎರಡೂ ಕಾಲು ಹೂತು ಕುಳಿತೆ. ಕೈಯನ್ನು ಐಸಿನ ನೀರಿನಲ್ಲಿ ನೂರು ಎಣಿಸುವ ತನಕ ಅದ್ದಿ, ತೆಗೆದು, ನೀರುಳ್ಳಿ ಹೆಚ್ಚಿದೆ. ಮೊದಲ ದಿನ ಎಡಗೈ ತೋರುಬೆರಳಿಗೆ ಚೂರಿ ತಾಗಿತು. ನೋವು ಗೊತ್ತಾಗಲೇ ಇಲ್ಲ, ನೀರುಳ್ಳಿ ಕೆಂಪಗಾದ ಮೇಲೆ ಗೊತ್ತಾಯಿತು. ಎರಡನೆಯ ದಿನ ಚೂರಿಯ ಹಿಡಿಗೂ ಸೌಟಿನ ಹಿಡಿಗೂ ಬಟ್ಟೆ ಸುತ್ತಿದೆ, ಎರಡು ಸೇರು ನೀರುಳ್ಳಿಯನ್ನು ಗಾಯವಿಲ್ಲದೆ ಹೆಚ್ಚಿದೆ. ಇದನ್ನೆಲ್ಲ ಹಡಗಿನಲ್ಲಿ ಕಲಿತ ನನ್ನ ಮುರುಕು ಇಂಗ್ಲಿಷಿನಲ್ಲಿ ಬರೆದಿಟ್ಟೆ.

"ನೀರುಳ್ಳಿ ಬಜ್ಜಿ ಮಾಡಿ ಇಲ್ಲೇ ಮಾರುವ, ಧ್ರುವ ಎಂತಕ್ಕೆ?" ಎಂದರು ಸೋಡಾದವರು. ಬಜ್ಜಿ ಮಾಡಿಯೇ ಕೊಟ್ಟೆ. ಚೆನ್ನಾಗಿ ಮಾರಾಟವಾಯಿತು.

ಬುಧವಾರ ಹೊಳೆ ದಾಟಿ, ಹೆಮ್ಮಾಡಿಯ ಮೇಲಿನಿಂದ ಮರವಂತೆಗೆ ನಡೆದೆ. ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವೆ ಕಾಲಿಡಲು ಇಷ್ಟೇ ಇಷ್ಟು ಜಾಗ. ಅಲ್ಲಿ ಗಾಳಿಗೆ ಬರ ಇಲ್ಲ. ಮರುದಿನ ಸೂರ್ಯ ಹುಟ್ಟುವಾಗ ಕಡಲಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ ಮರಳ ಮೇಲೆ ಮೂರು ಕಲ್ಲು ಹೂಡಿ ಬೆಂಕಿ ಮಾಡಲು ಕುಳಿತೆ. ಹದಿನೇಳು ಕಡ್ಡಿ ಗೀರಿದೆ. ಹದಿನೇಳೂ ಆರಿದವು. ಬಲೆ ಎಳೆಯಲು ಬಂದ ಮುದುಕರೊಬ್ಬರು ಸ್ವಲ್ಪ ಹೊತ್ತು ನೋಡಿದರು.

"ಹ್ವಾಯ್, ಎಂತ ಮಾಡ್ತಿದ್ರಿ ನೀವ್?"

"ಗಂಜಿ."

"ಗಾಳಿಗ್ ಬೆನ್ನ್ ಹಾಯ್ಕಂಡ್ ಕೂಕಣಿ. ಒಲಿ ಹೊಂಡ್ದೊಳ್ಗ್ ಇಡಿ. ನಿಮ್ಗ್ ಅಡ್ಗಿ ಕಲ್ಸದ್ದ್ ಯಾರ್?"

ಹದಿನೆಂಟು ವರ್ಷದ ಅನುಭವ ನುಂಗಿಕೊಂಡು ಮರಳಲ್ಲಿ ಹೊಂಡ ತೋಡಿದೆ. ಅವರು ತಮ್ಮ ಸೊಂಟದಿಂದ ತೆಂಗಿನ ನಾರಿನ ಒಂದು ಉಂಡೆ ತೆಗೆದು, ಒಂದು ಕರಟದೊಳಗಿಟ್ಟು, ಒಂದೇ ಕಡ್ಡಿಯಲ್ಲಿ ಹೊತ್ತಿಸಿದರು. ಕರಟದೊಳಗೆ ಬೆಂಕಿ ಬಸುರಿಯ ಹಾಗೆ ಸುಖವಾಗಿ ಕುಳಿತಿತು. ನನ್ನ ಪುಸ್ತಕದಲ್ಲಿ ಮರವಂತೆಯ ಪುಟವೇ ಎಲ್ಲಕ್ಕಿಂತ ಉಪಯೋಗದ್ದು. ಮೂರು ದಿನ ಅಲ್ಲಿದ್ದು, ಒದ್ದೆ ಕೈಯಲ್ಲಿ ಒಂದೇ ಕಡ್ಡಿಗೆ ಬೆಂಕಿ ಮಾಡುವುದನ್ನು ಕಲಿತೇ ಎದ್ದೆ.

ಆದರೆ ಹೊತ್ತು ಏರಿದರೆ ಮರವಂತೆಯಲ್ಲೂ ಬೆವರು. ಇದನ್ನು ಚಳಿ ಎಂದು ಬರೆದರೆ ಕಪ್ತಾನ ನಗುತ್ತಾನೆ. ಹೀಗೆ ಯೋಚಿಸುತ್ತ ಭಾನುವಾರ ಬೈಂದೂರಿಗೆ ಬಂದೆ. ಅಲ್ಲಿಯ ಹೋಟೆಲಿನಲ್ಲಿ ಅವಲಕ್ಕಿ ತಿನ್ನುತ್ತಿದ್ದ ಗಾಡಿಯವನೊಬ್ಬನನ್ನು ಕೇಳಿದೆ, ಈ ಸುತ್ತಿನಲ್ಲಿ ಚಳಿ ಜೋರಾಗಿ ಇರುವುದು ಎಲ್ಲಿ ಎಂದು.

"ಚಳಿಯಾ? ಚಳಿ ಅಂದ್ರೆ ಕೆರಾಡಿ ಬದಿದ್ದೇ ಚಳಿ" ಎಂದ ಅವನು, ಯೋಚಿಸದೆ. "ಹಲ್ಲ್ ಕಟಕಟ ಅಂತ್. ಮೂರ್ ಕಂಬ್ಳಿ ಹೊದ್ರೂ ಬಿಡುದಿಲ್ಲೆ."

"ಬೆಳಿಗ್ಗೆ ಹೊತ್ತಾ?"

"ಬೆಳಿಗ್ಗೆ ಎಂತದ್ದ್! ಮಧ್ಯಾಹ್ನ ಬಿಸ್ಲಂಗೇ ಹಿಡ್ಕಂತ್."

ಮಧ್ಯಾಹ್ನದ ಬಿಸಿಲಲ್ಲೂ ಹಲ್ಲು ಕಟಕಟ ಎನ್ನುವ ಚಳಿ, ಅದೂ ನಮ್ಮ ತಾಲೂಕಿನಲ್ಲಿ! ಬುದ್ಧಿ ಇದ್ದವನು ಅಲ್ಲೇ ಒಂದು ಪ್ರಶ್ನೆ ಕೇಳುತ್ತಿದ್ದ. ನಾನು ಕುಣಿಯುತ್ತ ಎದ್ದು ಗಾಡಿಯವನ ಅವಲಕ್ಕಿಯ ದುಡ್ಡನ್ನೂ ಕೊಟ್ಟೆ.

ಬೈಂದೂರಿನಿಂದ ಕೊಲ್ಲೂರು ದಾರಿ ಹಿಡಿದು ಹಾಲ್ಕಲ್ಲಿನಲ್ಲಿ ಬಲಕ್ಕೆ ತಿರುಗಿದೆ. ಜಡ್ಕಲ್ಲಿನಲ್ಲಿ ಒಂದು ರಾತ್ರಿ ತಂಗಿ, ಮರುದಿನ ಕಾಡಿನ ಅಂಚಿನ ಕಾಲುದಾರಿಯಲ್ಲಿ ನಡೆದು ಮಧ್ಯಾಹ್ನ ಎರಡು ಗಂಟೆಗೆ ಕೆರಾಡಿ ತಲುಪಿದೆ. ಬಿಸಿಲು ಚುರುಗುಟ್ಟುತ್ತಿತ್ತು. ಗದ್ದೆ ಕೊಯ್ಲಾಗಿ ಎಷ್ಟೋ ದಿನ ಕಳೆದಿದ್ದರೂ ಹುಲ್ಲು ಕಟ್ಟದೆ ಹಾಗೇ ಬಿದ್ದಿತ್ತು. ಮೊದಲ ಮನೆಯ ಬಾವಿಯಲ್ಲಿ ಮೂವತ್ತು ಮೂವತ್ತೈದರ ಹೆಂಗಸೊಬ್ಬಳು ನೀರೆಳೆಯುತ್ತಿದ್ದಳು. ಹೆಸರು ಮುತ್ತಕ್ಕ ಎಂದು ಆಮೇಲೆ ತಿಳಿಯಿತು.

"ಅಕ್ಕಾ, ಇಲ್ಲ್ ಚಳಿ ಜೋರಂಬ್ರಲೆ, ಹೌದಾ?"

"ಜೋರ್ ಅಂದ್ರೆ ಎಂತ ಕೇಂತ್ರಿ! ನಮ್ಮನಿಯಂಗೇ ಮೂರ್ ಜನ್ಕ್ ಇತ್ತ್. ಆಚಿ ಮನಿಯಂಗ್ ಐದ್ ಜನ್ಕ್."

ಚಳಿಯನ್ನು ಹೀಗೆ ತಲೆ ಎಣಿಸಿ ಹೇಳುವುದನ್ನು ನಾನು ಕೇಳಿರಲಿಲ್ಲ.

"ನೀವ್ ಡಾಕ್ಟ್ರಾ?" ಎಂದಳು, ನನ್ನ ಕಿಸೆಯಲ್ಲಿದ್ದ ಕಡ್ಡಿಯನ್ನು ನೋಡಿ.

"ಅಲ್ಲ, ನಾನ್ ಅಡ್ಗಿಯವ. ಚಳಿ ಹುಡ್ಕಂಡ್ ಬಂದದ್ದ್. ಹತ್ತ್ ದಿನ ಇಲ್ಲೇ ಚಳಿಯಂಗ್ ಇಪ್ಪ ಅಂದೇಳಿ."

ಅವಳು ಕೊಡಪಾನ ಕೆಳಗಿಟ್ಟಳು. "ಮರ್ಲ್ ಹಿಡ್ದಿತಾ ನಿಮ್ಗ್? ಚಳಿ ಬೇಕಂದೇಳಿ ಯಾರಾರೂ ಬತ್ರಾ?"

ಒಳಗಿನಿಂದ ಹಲ್ಲು ಕಡಿಯುವ ಸದ್ದು ಅಂಗಳಕ್ಕೇ ಕೇಳುತ್ತಿತ್ತು. ಹೋಗಿ ನೋಡಿದೆ. ಅವಳ ಗಂಡ, ಅತ್ತೆ, ಮೈದುನ, ಮೂವರೂ ಒಂದೇ ಕರಿ ಕಂಬಳಿಯ ಕೆಳಗೆ ಮುದುಡಿ ನಡುಗುತ್ತಿದ್ದರು. ಕಂಬಳಿ ಕುದಿಯುವ ಗಂಜಿಯ ಮುಚ್ಚಳದ ಹಾಗೆ ಕುಣಿಯುತ್ತಿತ್ತು. ಆಗ ನನ್ನ ತಲೆಗೆ ಹೊಕ್ಕಿತು. ನಮ್ಮಲ್ಲಿ ಚಳಿಜ್ವರಕ್ಕೆ ಬರೀ ಚಳಿ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಕಪ್ತಾನನ ಕಾಗದ ಬಂದ ದಿನದಿಂದ ಆ ಮಾತಿಗೆ ನನ್ನ ಕಿವಿಯಲ್ಲಿ ಒಂದೇ ಅರ್ಥ ಉಳಿದಿತ್ತು.

ನನಗೆ ನಗು ಬರಲಿಲ್ಲ, ಭಯವಾಯಿತು. ಜ್ವರದ ಮನುಷ್ಯ ಬೇಡ ಎಂದು ಅಡಿಗೆರೆ ಎಳೆದ ಕಾಗದ ಚೀಲದಲ್ಲಿತ್ತು, ನಾನು ಬಂದು ನಿಂತದ್ದು ಜ್ವರದ ಮಡಿಲಿನಲ್ಲಿ. ಬೇಗ ಕಾಲು ಹಾಕಿದರೆ ಕತ್ತಲಿಗೆ ಮೊದಲು ವಂಡ್ಸೆ ಸೇರಬಹುದಿತ್ತು, ಸೊಳ್ಳೆ ಏಳುವ ಮೊದಲೇ. ಚೀಲ ಹೆಗಲಿಗೇರಿಸಿ ಅಂಗಳಕ್ಕೆ ಇಳಿದೆ.

"ಹೋತ್ರಿಯಾ?" ಎಂದಳು ಮುತ್ತಕ್ಕ. "ಹೋಯ್ನಿ. ಒಂದ್ ಉಪಕಾರ ಮಾಡಿ. ನೀವ್ ಅಡ್ಗಿಯವ್ರ್ ಅಂದ್ರಿ ಅಲ್ದಾ, ಒಲಿಗ್ ಒಂಚೂರ್ ಬೆಂಕಿ ಮಾಡಿ ಹೋಯ್ನಿ. ರಾತ್ರಿ ಮಂಜಿಗ್ ಕಟ್ಟ್ಗಿ ಒದ್ದಿ ಆಯ್ತ್. ನಂಗ್ ನಿನ್ನಿಯಿಂದ ಕೈಯಂಗ್ ಬಲ ಇಲ್ಲೆ."

ಅವಳ ಕೈಯೂ ನಡುಗುತ್ತಿರುವುದನ್ನು ಆಗ ಕಂಡೆ. ಮೂರು ದಿನ ಮರವಂತೆಯಲ್ಲಿ ನಾನು ಕಲಿತದ್ದು ಒದ್ದೆಯಲ್ಲಿ ಬೆಂಕಿ ಮಾಡುವುದನ್ನೇ. ಕರಟದಲ್ಲಿ ನಾರಿಟ್ಟು ಒಂದೇ ಕಡ್ಡಿಗೆ ಹೊತ್ತಿಸಿದೆ. ಬೆಂಕಿ ಹತ್ತಿದ ಮೇಲೆ ಅಕ್ಕಿ ಹಾಕದೆ ಎದ್ದು ಹೋಗಲು ನನ್ನಿಂದಾಗಲಿಲ್ಲ. ಗಂಜಿ ಬೇಯುವಾಗ ಆಚೆ ಮನೆಯಿಂದ ಒಬ್ಬಳು ಪಾತ್ರೆ ಹಿಡಿದು ಬಂದು ನಿಂತಳು. ಅವಳ ಹಿಂದೆ ಇನ್ನೊಬ್ಬಳು. ನಾನು ಚೀಲವನ್ನು ಗಿಳಿಗೂಟಕ್ಕೆ ನೇತುಹಾಕಿದೆ.

ಏಳು ದಿನ ಅಲ್ಲಿದ್ದೆ. ಎಂಟು ಮನೆಗಳಲ್ಲಿ ಒಲೆ ಹತ್ತುತ್ತಿರಲಿಲ್ಲ. ಊರಿನ ಪೂಜೆಗೆ ಇಟ್ಟಿದ್ದ ದೊಡ್ಡ ಹಂಡೆ ತರಿಸಿ ಮುತ್ತಕ್ಕನ ಅಂಗಳದಲ್ಲೇ ಒಲೆ ಹೂಡಿದೆ. ಬೆಳಿಗ್ಗೆ ತೆಳು ಗಂಜಿ, ಮಧ್ಯಾಹ್ನ ಹುರುಳಿ ಸಾರು, ಸಂಜೆ ಶುಂಠಿ ಕಷಾಯ. ಅಲ್ಲಿಯ ಬೆಳಗಿನ ಜಾವ ನಿಜವಾದ ಚಳಿಯೂ ಇತ್ತು. ಕಾಡಿನಿಂದ ಇಳಿದ ಮಂಜಿನಲ್ಲಿ ಸೌಟು ಹಿಡಿದ ಕೈ ಮರಗಟ್ಟುತ್ತಿತ್ತು, ಹಿಡಿಗೆ ಬಟ್ಟೆ ಸುತ್ತಿದ್ದು ಉಪಯೋಗಕ್ಕೆ ಬಂತು. ಕಪ್ತಾನ ಕೇಳಿದ ಅಭ್ಯಾಸವೆಲ್ಲ ಆಗುತ್ತಿತ್ತು, ಅವನು ಬೇಡವೆಂದ ಜಾಗದಲ್ಲಿ.

ಡಾಕ್ಟರರ ಕಡ್ಡಿಗೆ ಕೊನೆಗೂ ತನಗೆ ಗೊತ್ತಿರುವ ಕೆಲಸ ಸಿಕ್ಕಿತು. ದಿನಕ್ಕೆ ಎರಡು ಸಲ ಎಲ್ಲರ ಬಾಯಿಗಿಟ್ಟು ಪುಸ್ತಕದಲ್ಲಿ ಬರೆದೆ. ಚಳಿಗೆ ನನಗೆ ಬರುತ್ತಿದ್ದ ಇಂಗ್ಲಿಷ್ ಒಂದೇ. ಹಾಗಾಗಿ ಮುತ್ತಕ್ಕನ ಗಂಡ, ಕೋಲ್ಡ್, ನೂರ ನಾಲ್ಕು. ಅತ್ತೆ, ಕೋಲ್ಡ್, ನೂರ ಮೂರು ಎಂದು ಪುಟ ತುಂಬಿತು. ಆ ಪುಟಗಳನ್ನು ಹರಿದು, ಅಡಿಕೆ ಸಾಗಿಸುವ ಗಾಡಿಯವನ ಕೈಯಲ್ಲಿ ಬ್ರಹ್ಮಾವರದ ಡಾಕ್ಟರರಿಗೆ ಕಳಿಸೋಣ ಎಂದುಕೊಂಡವನು, ಮನಸ್ಸು ಬಾರದೆ ನಕಲು ಮಾಡಿ ಕಳಿಸಿದೆ. ನಾಲ್ಕನೆಯ ದಿನ ಗಾಡಿಯವನು ಕ್ವಿನೈನಿನ ಪೊಟ್ಟಣ ತಂದ. ಅಷ್ಟರಲ್ಲಿ ಆಚೆ ಮನೆಯ ಅಜ್ಜ ತೀರಿಕೊಂಡಿದ್ದರು. ಹಿಂದಿನ ಸಂಜೆ ನನ್ನ ಕಷಾಯ ಕುಡಿದು, ಬೆಲ್ಲ ಕಮ್ಮಿ ಎಂದು ಬೈದಿದ್ದರು. ನನಗೆ ಅಳು ಬಂತು, ಒಲೆಯ ಹೊಗೆ ಎಂದು ಹೇಳಿದೆ.

ಕ್ವಿನೈನನ್ನು ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿ ಕೊಟ್ಟೆ, ಇಲ್ಲದಿದ್ದರೆ ಉಗುಳುತ್ತಿದ್ದರು. ಪೊಟ್ಟಣದ ಮೇಲೆ ಡಾಕ್ಟರರು ನನಗೂ ಒಂದು ಪಾಲು ಬರೆದಿದ್ದರು. ಆದರೆ ನಕಲು ಕಳಿಸಿದ ಮೇಲೆ ಮುತ್ತಕ್ಕನೂ ಸೇರಿ ಇನ್ನೂ ನಾಲ್ವರು ಮಲಗಿದ್ದರು. ನನ್ನ ಪಾಲಿನ ಉಂಡೆಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಹಂಡೆಯ ಮುಂದೆ ನಿಂತೆ. ಬೊಂಬಾಯಿ ಕಣ್ಣ ಮುಂದೆ ಬಂತು. ಆಮೇಲೆ ಮುತ್ತಕ್ಕನನ್ನು ಕರೆದು ಮೊದಲ ಉಂಡೆ ಅವಳಿಗೇ ಕೊಟ್ಟೆ.

ಎಂಟನೆಯ ದಿನ ಎದ್ದು ಓಡಾಡುವವರು ನಾಲ್ಕು ಮನೆಗಳಲ್ಲಿದ್ದರು, ಒಲೆಗಳೂ ಹತ್ತಿದವು, ಉಳಿದ ನಾಲ್ಕು ಮನೆಗಳ ಗಂಜಿಯನ್ನು ಅವರೇ ವಹಿಸಿಕೊಂಡರು. ವಂಡ್ಸೆಯವರೆಗೆ ನಡೆದು, ಗಾಡಿಯಲ್ಲಿ ಹೆಮ್ಮಾಡಿಗೆ ಬಂದು, ಮರುದಿನ ಸಂಜೆ ಬ್ರಹ್ಮಾವರ ಸೇರಿದೆ.

ಡಾಕ್ಟರರು ಕಡ್ಡಿಯನ್ನು ತೊಳೆದು ನನ್ನ ಬಾಯಿಗೇ ಇಟ್ಟರು. ತೊಂಬತ್ತೆಂಟೂ ಚಿಲ್ಲರೆ, ಸರಿಯಾಗಿತ್ತು.

"ಇವತ್ತ್ ಇಲ್ಲೆ" ಎಂದರು. "ಒಳ್ಗ್ ಇತ್ತೋ ಇಲ್ಯೋ ಗೊತ್ತಾಪುಕೆ ಹತ್ತ್ ಹದಿನೈದ್ ದಿನ ಹೋಯ್ಕ್. ನಿನ್ ಪರೀಕ್ಷಿ ಯಾವಾಗ?"

"ಎಂಟ್ ದಿನಕ್ಕೆ."

"ಹಾಂಗಾರೆ ಪಾಸಾತೆ. ಅಲ್ಲಿಯವ್ರಿಗ್ ಗೊತ್ತಾತಿಲ್ಲೆ" ಎಂದು ಹೇಳಿ ಅವರು ಕಡ್ಡಿಯನ್ನು ಒರೆಸಿ ಮತ್ತೆ ನನ್ನ ಕೈಗೇ ಕೊಟ್ಟರು.

ಮರುದಿನ ಮಧ್ಯಾಹ್ನ ಸರಸ್ವತಿ ಬಡಿಸುತ್ತಿದ್ದಾಗ ಕೆರಾಡಿಯ ನೆನಪು ಬಂತು. ಒಂದೇ ಕಂಬಳಿಯ ಕೆಳಗೆ ನಡುಗುವ ಮೂವರನ್ನು ನಾನು ನೋಡಿ ಬಂದಿದ್ದೆ. ಮಂಜುಗಡ್ಡೆಯ ನಡುವೆ ಹದಿನೈದು ಜನರಿಗೆ ಒಬ್ಬನೇ ಅಡಿಗೆಯವ, ಅವನು ಹೀಗೆ ಮಲಗಿದರೆ ಅಲ್ಲಿ ಒಲೆ ಹತ್ತಿಸಲು ದಾರಿಹೋಕ ಯಾರೂ ಬರುವುದಿಲ್ಲ. ಊಟ ಬಿಟ್ಟು ಎದ್ದು ಅಂಚೆ ಕಚೇರಿಗೆ ಹೋಗಿ ಕಪ್ತಾನನಿಗೆ ತಂತಿ ಕೊಟ್ಟೆ: ಜ್ವರದ ಊರಿನಲ್ಲಿದ್ದೆ, ಇಪ್ಪತ್ತು ದಿನ ಕಳೆಯದೆ ಬರಲಾರೆ. ಪುಸ್ತಕವನ್ನೂ ಕೆರಾಡಿಯಲ್ಲಿ ಆದದ್ದನ್ನೆಲ್ಲ ಬರೆದ ಒಂದು ಕಾಗದವನ್ನೂ ರಿಜಿಸ್ಟರ್ ಮಾಡಿದೆ. ಮನೆಗೆ ಬಂದು ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟಿನಲ್ಲಿ ಎರಡು ಮಡಕೆ ಒಡೆದೆ.

ಆಮೇಲೆ ದಿನಾ ಕಡ್ಡಿ ಬಾಯಿಗಿಟ್ಟು ಜಗಲಿಯಲ್ಲಿ ಕುಳಿತೆ. ಎಂಟು ದಿನ, ಹತ್ತು, ಹದಿನೈದು. ಹಡಗು ಬೊಂಬಾಯಿ ಬಿಟ್ಟಿತು. ಇಪ್ಪತ್ತನೆಯ ದಿನವೂ ತೊಂಬತ್ತೆಂಟೂ ಚಿಲ್ಲರೆ. ಚಳಿ ಬರಲೇ ಇಲ್ಲ. ನನಗೆ ಬಂದಿದ್ದರೆ ಒಂದು ಸಮಾಧಾನವಾದರೂ ಆಗುತ್ತಿತ್ತು ಎಂದು ಹೇಳಿದ್ದಕ್ಕೆ ಸರಸ್ವತಿ ಸೌಟು ಎತ್ತಿಕೊಂಡು ಬಂದಳು.

ಏಪ್ರಿಲಿನಲ್ಲಿ ಕಪ್ತಾನನ ಕಾಗದ ಬಂತು, ಯಾವುದೋ ದಕ್ಷಿಣದ ಬಂದರಿನ ಮೊಹರಿನದು. 'ಕೋಲ್ಡ್, ನೂರ ನಾಲ್ಕು' ಎಂದು ಓದಿ ತಂಡದವರೆಲ್ಲ ಹೊಟ್ಟೆ ಹಿಡಿದು ನಕ್ಕರಂತೆ. ಜೊತೆಯ ಕಾಗದವನ್ನು ಓದಿದ ಮೇಲೆ ಯಾರೂ ನಗಲಿಲ್ಲವಂತೆ. ಬೇರೆ ಅಡಿಗೆಯವನು ಸಿಕ್ಕಿದ್ದಾನೆ, ಕರಟದಲ್ಲಿ ಬೆಂಕಿ ಇಡುವ ಪುಟವನ್ನು ಅವನಿಗೆ ಓದಿಸಿದ್ದೇನೆ ಎಂದು ಬರೆದಿದ್ದ. ಬರುವ ವರ್ಷ ಬದಲಿ ಜನರನ್ನು ಕರೆದೊಯ್ಯುವ ಹಡಗಿನ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಿದ್ದಾನೆ. ಪರೀಕ್ಷೆ ಮಾತ್ರ ತಪ್ಪುವುದಿಲ್ಲ.

ಅದೇ ತಿಂಗಳು ಒಂದು ಮದುವೆಯ ಅಡಿಗೆ ಮುಗಿಸಿ ಕುಂದಾಪುರದ ಸಂತೆಯಲ್ಲಿ ಹಾದು ಬರುತ್ತಿದ್ದೆ. ಹಿಂದಿನಿಂದ ಯಾರೋ ಕೂಗಿದರು.

"ಹ್ವಾಯ್, ಚಳಿ ಭಟ್ರೇ! ನಿಲ್ಲಿ!"

ಮುತ್ತಕ್ಕ. ಕೆನ್ನೆ ತುಂಬಿಕೊಂಡಿದ್ದಳು. ಗಂಡ, ಮೈದುನ ಬೆನ್ನ ಹಿಂದೆ ಮೂಟೆ ಇಳಿಸುತ್ತಿದ್ದರು, ಅತ್ತೆ ಮನೆಯಲ್ಲಿ ಎಲ್ಲರಿಗೂ ಬೈಯುತ್ತ ಗಟ್ಟಿಯಾಗಿದ್ದಾಳಂತೆ.

"ಎಲ್ಲೋ ಚಳಿ ಊರಿಗ್ ಹೋಪುಕಿತ್ತ್ ಅಂದಿದ್ರಿ, ಹೋಯ್ಲಿಲ್ಯಾ?"

"ಇಲ್ಲೆ. ಬಪ್ಪ ವರ್ಷ ಹೋತೆ."

ಅವಳು ಮೂಟೆಯ ಅಡಿಯಿಂದ ಮಡಿಸಿದ ಕರಿ ಕಂಬಳಿಯೊಂದನ್ನು ಎಳೆದಳು. ನಾಲ್ಕು ಸಂತೆಯಿಂದ ಅದನ್ನು ಹೊತ್ತು ತಂದು ನನ್ನನ್ನು ಹುಡುಕುತ್ತಿದ್ದಳಂತೆ. ಬೇಡವೆಂದೆ. ಅಲ್ಲಿಯದು ಬೇರೆ ಚಳಿ, ಜ್ವರವಲ್ಲ, ಮಂಜುಗಡ್ಡೆಯದು ಎಂದು ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಚಳಿ ಯಾವ್ದಾರೂ ಚಳಿಯೇ ಅಲ್ದಾ" ಎಂದು ಕಂಬಳಿಯನ್ನು ನನ್ನ ಹೆಗಲಿಗೆ ಹಾಕಿದಳು. "ತಕಣಿ. ಅಲ್ಲ್ ಬಂದ್ರೆ ಹೊದ್ಕಣಿ. ಇದ್ ಮೂರ್ ಜನ್ರ್ ಚಳಿ ಬಿಡ್ಸದ್ ಕಂಬ್ಳಿ."

ಏಪ್ರಿಲಿನ ಬಿಸಿಲಿನಲ್ಲಿ, ಕುಂದಾಪುರದಿಂದ ಬ್ರಹ್ಮಾವರದವರೆಗೆ, ಬಸ್ಸಿನಲ್ಲೂ ದೋಣಿಯಲ್ಲೂ ಆ ಕಂಬಳಿಯನ್ನು ಹೆಗಲಿನಿಂದ ಇಳಿಸದೆ ಬಂದೆ. ಕಂಡಕ್ಟರ್ ಅದೇ ಹಳಬ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ಸಲ ನಗದೆ ಕೇಳಿದ.

"ಎಂತ ವಾಸಣ್ಣ, ಚಳಿಯಾ?"

"ಇನ್ನೂ ಇಲ್ಲೆ" ಎಂದೆ. "ಬಪ್ಪ ವರ್ಷ."